ಎಪ್ಪತ್ತೊಂದನೇ ನಿಮಿಷ

ಫೆಬ್ರವರಿ 4, ಭಾನುವಾರ. ಸಂಜೆ 7

ಪಾಪುಗೆ ಎರಡನೇ ಹಲ್ಲು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಇವರು ಹಳೇ ಸೀಟಿಯೊಂದರ ಒಳಗಿನ ಗುಂಡು ತೆಗೆದು, ಕುದಿಸಿ ಕೊಟ್ಟಿದ್ದಾರೆ. ಅದನ್ನೇ ಕಚ್ಚುತ್ತ ಬಿದ್ದುಕೊಂಡಿದ್ದಾಳೆ. ಸದ್ಯ.

ನಾಲ್ಕೂರು ಫುಟ್‌ಬಾಲ್ ಲೀಗ್ ಇವತ್ತು ಶುರು. ಬಂದರು, ಗಿರಣಿ, ರೈಲ್ವೆ, ಕಲ್ಲುಗಣಿ. ಪ್ರತಿ ಭಾನುವಾರ ಯಾವುದಾದರೊಂದು ಊರಿನ ಮೈದಾನದಲ್ಲಿ ಎರಡು ಪಂದ್ಯ, ಒಂದರ ಹಿಂದೆ ಒಂದು. ಇಡೀ ಲೀಗಿಗೆ ಮೂವರೇ ರೆಫರಿ. ಇವರೊಬ್ಬರು. ವಾರವೆಲ್ಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಭಾನುವಾರ ನ್ಯಾಯಾಧೀಶರು.

ಮೊದಲ ಪಂದ್ಯದಲ್ಲೇ ಗಿರಣಿಯ ಗೋಲ್‌ಕೀಪರನ ಎರಡು ಹಲ್ಲು ಮುರಿದವಂತೆ. ಇಲ್ಲಿ ಎರಡು ಬಂದವು, ಅಲ್ಲಿ ಎರಡು ಹೋದವು ಅಂತ ಇವರ ತಮಾಷೆ. ಅತ್ತೆ ನಗಲಿಲ್ಲ. "ಸೀಟಿ ಊದೋಕೆ ಹೋಗ್ತೀಯೋ, ಏಟು ತಿನ್ನೋಕೆ ಹೋಗ್ತೀಯೋ?"

ಇವರ ಅಕ್ಷರ ಕೋಳಿ ಕೆದರಿದ ಹಾಗೆ. ಅದಕ್ಕೇ ಪಂದ್ಯದ ವರದಿ ಬರೆಯುವವಳು ನಾನು. ಎಷ್ಟನೇ ನಿಮಿಷ, ಎಷ್ಟನೇ ನಂಬರು, ಏನು ಮಾಡಿದ — ಇವರು ಹೇಳುತ್ತಾರೆ, ನಾನು ಕಾರ್ಬನ್ ಇಟ್ಟು ಬರೆಯುತ್ತೇನೆ, ಇವರು ಸಹಿ ಹಾಕುತ್ತಾರೆ. ಮೇಲಿನ ಹಾಳೆ ಲೀಗ್ ಕಮಿಟಿಗೆ, ಕೆಳಗಿನದು ನಮ್ಮ ಪುಸ್ತಕದಲ್ಲಿ. ವರದಿಯಲ್ಲಿಲ್ಲದ್ದು ಕಮಿಟಿಯ ಪಾಲಿಗೆ ನಡೆದೇ ಇಲ್ಲ. ನನ್ನ ಬಿ.ಎಸ್ಸಿ.ಗೆ ಕೊನೆಗೂ ಒಂದು ಉಪಯೋಗ.

ಫೆ. 11, ಭಾನುವಾರ. ಸಂಜೆ

ತಮ್ಮ ಬಂದಿದ್ದ. ಕಲ್ಲುಗಣಿಯ ಐದನೇ ನಂಬರು. ಅವನನ್ನು ದಾಟಿ ಚೆಂಡು ಹೋಗುವುದಿಲ್ಲವೆಂದು ಜನ 'ಗೋಡೆ' ಅನ್ನುತ್ತಾರೆ. ಅಂಗಿ ತುಂಬ ರಕ್ತ. ಎಲ್ಲಿ ಗಾಯ ಅಂತ ಅಂಗಿ ಎತ್ತಿ ನೋಡಲು ಹೋದೆ.

"ನಂದಲ್ಲ ಅಕ್ಕಾ" ಅಂದ. ಹಲ್ಲು ಕಿರಿದ. ಅದೇ ಅಂಗಿಯಲ್ಲಿ ಪಾಪುವನ್ನು ಎತ್ತಿ ಎಸೆದು ಹಿಡಿದ.

ಇವತ್ತು ಕಾರ್ನರ್ ಧ್ವಜದ ಕೋಲು ಕಿತ್ತು ಒಬ್ಬನ ಬೆನ್ನಿಗೆ ಬಾರಿಸಿದರಂತೆ. ಬೇಕಂತಲೇ ಗಾಯ ಮಾಡಿದವನಿಗೆ ಆಜೀವ ನಿಷೇಧ ಅಂತ ಕಮಿಟಿ ನೋಟಿಸು ಅಂಟಿಸಿದೆ. ತಮ್ಮನಿಗೆ ರೈಲ್ವೆಯವರು ಕೆಲಸದ ಆಸೆ ತೋರಿಸಿದ್ದಾರೆ, ಆಟ ನೋಡಿ. ಕಲ್ಲಿನ ಧೂಳಿನಿಂದ ಹೊರಬರಲು ಅವನಿಗೆ ಇರುವುದು ಇದೊಂದೇ ದಾರಿ.

ಅವನ ಪಂದ್ಯ ಬಂದರೆ ಒಪ್ಪಿಕೊಳ್ಳಬೇಡಿ ಅಂತ ಇವರಿಗೆ ಹೇಳಿದೆ. "ಮೈದಾನದಲ್ಲಿ ನನಗೆ ಯಾವ ಭಾಮೈದನೂ ಇಲ್ಲ" ಅಂದರು.

ಫೆ. 25, ಭಾನುವಾರ

ಇವರನ್ನು ಇಬ್ಬರು ಹಿಡಿದುಕೊಂಡು ಬಂದು ಬಿಟ್ಟರು. ಹುಬ್ಬಿನ ಮೇಲೆ ಏಳು ಹೊಲಿಗೆ. ಎರಡೂ ಕಣ್ಣು ಊದಿ ಮುಚ್ಚಿವೆ. ಬಂದರು–ಕಲ್ಲುಗಣಿ ಪಂದ್ಯ, ಅರ್ಧಕ್ಕೇ ನಿಂತಿತು. ಪಾಪು ಅಪ್ಪನ ಮುಖ ಕಂಡು ಚೀರಿದಳು. ಇನ್ನೂ ನಿಲ್ಲಿಸಿಲ್ಲ…

ಫೆ. 26. ಬೆಳಿಗ್ಗೆ 11

ವರದಿ. ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಮಲಗಿದಲ್ಲಿಂದಲೇ ಹೇಳಿದರು:

ಎಪ್ಪತ್ತೊಂದನೇ ನಿಮಿಷ. ಚೆಂಡು ಗೆರೆಯಾಚೆ ಹೋಗಿತ್ತು. ಬಂದರಿನ ಒಂಬತ್ತನೇ ನಂಬರು ನೆಲಕ್ಕೆ ಬಿದ್ದಿದ್ದ. ಕಲ್ಲುಗಣಿಯ ಐದನೇ ನಂಬರು ಓಡಿ ಬಂದು ಎರಡೂ ಕಾಲಲ್ಲಿ ಅವನ ಮೊಣಕಾಲಿನ ಮೇಲೆ ನೆಗೆದ. ಬೇಕಂತಲೇ. ಒಣಗಿದ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಕೆಂಪು ಕಾರ್ಡಿಗೆ ಜೇಬಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಕಲ್ಲು ಬಿತ್ತು.

ಕಾರ್ಡು ಹೊರಗೆ ಬಂದೇ ಇಲ್ಲ. ಇವರು ಹೇಳಿದ್ದು ಬಿಟ್ಟರೆ ಕಮಿಟಿ ಒಪ್ಪುವ ಬೇರೆ ಸಾಕ್ಷಿಯಿಲ್ಲ.

"ನಿನ್ನ ತಮ್ಮ ಅಂತ ಗೊತ್ತು. ಕಷ್ಟ ಆಗತ್ತೆ. ಆದ್ರೂ ಬರಿ. ಬರೆದ್ಯಾ?"

"ಹ್ಞೂಂ."

ಪೆನ್ನು ಆಡಿರಲಿಲ್ಲ. 'ನೂಕುನುಗ್ಗಲಿನಲ್ಲಿ ಒಂಬತ್ತನೇ ನಂಬರಿಗೆ ಗಾಯ. ಕಲ್ಲು ತೂರಾಟ. ಪಂದ್ಯ ಸ್ಥಗಿತ' — ಇಷ್ಟೇ ಬರೆದೆ. ಪೆನ್ನು ಹಿಡಿಸಿ ಸಹಿಯ ಜಾಗಕ್ಕೆ ಇವರ ಕೈ ಇಟ್ಟೆ. ಸಹಿ ಹಾಕಿದರು.

ಮಾರ್ಚ್ 2

ಐದನೇ ನಂಬರಿನ ಮೇಲೆ ಆರೋಪವಿಲ್ಲ ಅಂತ ಕಮಿಟಿ ಹೇಳಿದೆ. ಇವರು ಹಾಸಿಗೆಯಲ್ಲಿ ಎದ್ದು ಕೂತರು. "ಆ ಸಾಲನ್ನ ಕಮಿಟಿಯೋರು ನುಂಗಿಬಿಟ್ರು ಕಣೇ." ನನ್ನ ಮೇಲೆ ಒಂದು ಗುಲಗಂಜಿಯಷ್ಟೂ ಅನುಮಾನವಿಲ್ಲ. ಅದೇ ತಡೆಯಲಾಗುತ್ತಿಲ್ಲ.

ಒಂಬತ್ತನೆಯವನು ಬಂದರಿನಲ್ಲಿ ಮೂಟೆ ಹೊರುವವನಂತೆ. ಇನ್ನು ಹೊರಲಾರ. ಅವನ ಹೆಂಡತಿಗೂ ಕೈಗೂಸು.

ಪಾಪು ಮಲಗಿದರೂ ನಾನು ಮಲಗುವುದಿಲ್ಲ. ಕಣ್ಣು ಮುಚ್ಚಿದರೆ ಕಟ್ಟಿಗೆ ಮುರಿಯುತ್ತದೆ.

ಮಾ. 7

ತಮ್ಮ ಬಂದ. ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಮೆಲ್ಲಗೆ ಅಂದ — "ಭಾವ ನನ್ನ ಉಳಿಸಿದ್ರು ಅಕ್ಕಾ. ಎಲ್ಲ ನೋಡಿದ್ರು, ಬರೀಲಿಲ್ಲ. ಅವರಿಗಾಗಿ ಪ್ರಾಣ ಕೊಟ್ಟರೂ ಸಾಲದು." ಹೇಳಿಬಿಡಬೇಕೆಂದು ಬಾಯಿ ತೆರೆದೆ. ಪಾಪು ಅತ್ತಳು.

ಊದಿದ್ದು ಇಳಿದಿದೆ. ಭಾನುವಾರ ಮತ್ತೆ ಹೋಗುತ್ತಾರಂತೆ. ಬಂದರಿನವರು ಭಾವ–ಭಾಮೈದ ಸೇರಿ ಮಾಡಿದ ಆಟವಿದು ಅಂತ ಗೋಡೆಯ ಮೇಲೆಲ್ಲ ಬರೆದಿದ್ದಾರೆ. ಹೋಗಬೇಡಿ ಅಂದೆ. "ತಪ್ಪು ಮಾಡಿದೋನು ಹೆದರಬೇಕು, ನಾನ್ಯಾಕೆ?"

ಮಾ. 11, ಭಾನುವಾರ. ಆಸ್ಪತ್ರೆ

ಮೊದಲ ಪಂದ್ಯ ಆಡಿ ಮುಗಿಸಿ ತಮ್ಮ ಗೆರೆಯ ಹೊರಗೆ ಕೂತಿದ್ದ. ಎರಡನೆಯದು ಬಂದರು–ರೈಲ್ವೆ, ಇವರದು. ಹತ್ತು ನಿಮಿಷವೂ ಆಗಿಲ್ಲ, ಜನ ಒಳಗೆ ನುಗ್ಗಿದರು. ಇವರನ್ನು ಕೆಡವಿದರು. ಬೂಟು, ಕೋಲು, ಬೆಂಚಿನ ಹಲಗೆ. ದವಡೆ ಎರಡು ಕಡೆ ಮುರಿದಿದೆ. ಬಲಗೈ. ಪಕ್ಕೆ.

ತಮ್ಮ ಓಡಿ ಹೋಗಿ ಇವರ ಮೇಲೆ ಕವುಚಿ ಬಿದ್ದನಂತೆ. ಎಳೆದರೂ ಏಳಲಿಲ್ಲವಂತೆ. ಉಳಿದ ಏಟೆಲ್ಲ ಅವನ ಬೆನ್ನಿಗೆ. ತಲೆಗೆ.

ಅವನ ಬೂಟು ನನ್ನ ಕೈಗೆ ಕೊಟ್ಟಿದ್ದಾರೆ. ಒಂದೇ. ಇನ್ನೊಂದು ಸಿಗಲಿಲ್ಲವಂತೆ. ಒಳಗೆ ಬಿಡುತ್ತಿಲ್ಲ —

ಮಾ. 24, ಶನಿವಾರ. ಮಧ್ಯಾಹ್ನ

ಎರಡು ದಿನ ಆಸ್ಪತ್ರೆಯಲ್ಲಿದ್ದು ತಮ್ಮ ಹೋದ. ಹೋಗಿ ಹನ್ನೊಂದು ದಿನ.

ಹಾಲು ಬತ್ತಿದೆ. ಪಾಪುಗೆ ಬಾಟಲಿಯೇ.

ಲೀಗ್ ರದ್ದು. ಆರು ಭಾನುವಾರ, ಹನ್ನೆರಡು ಪಂದ್ಯ. ಫೈನಲ್ ನಡೆಯಲೇ ಇಲ್ಲ. ಟ್ರೋಫಿ ಕಮಿಟಿಯ ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿದೆಯಂತೆ. ನಾಳೆ ಹತ್ತು ಗಂಟೆಗೆ ಅವರೇ ಬರುತ್ತಾರೆ, ಮೂಲ ವರದಿ ಹಿಡಿದುಕೊಂಡು, ವಿಚಾರಣೆಗೆ. ಇವರಿಂದ ಲಿಖಿತ ಹೇಳಿಕೆ ಬೇಕಂತೆ.

ಇವರ ದವಡೆಗೆ ತಂತಿ ಬಿಗಿದಿದ್ದಾರೆ. ಮಾತಿಲ್ಲ. ಸ್ಲೇಟಿನ ಮೇಲೆ ಎಡಗೈಯಲ್ಲಿ ಬರೆಯುತ್ತಾರೆ. ಕೋಳಿಯೂ ಇದಕ್ಕಿಂತ ಚೆನ್ನಾಗಿ ಕೆದರೀತು. ಆದರೂ ನನಗೆ ಓದಲು ಬರುತ್ತದೆ.

ಬೆಳಿಗ್ಗೆ ಬರೆದರು: ಆವತ್ತೇ ನಿಷೇಧ ಆಗಿದ್ರೆ ಅವನು ಬದುಕಿರ್ತಿದ್ದ. ಆ ಸಾಲು ತೆಗೆದೋರು ಅವನ್ನ ಕೊಂದ್ರು.

ಒರೆಸಿದರು. ಮತ್ತೆ ಬರೆದರು: ನಮ್ಮತ್ರ ಕಾರ್ಬನ್ ಕಾಪಿ ಇದೆಯಲ್ಲ. ತಾ.

ಊಟ ಆಗಲಿ ಅಂದೆ. ಊಟ ಆಯಿತು. ಪಾಪು ಮಲಗಲಿ ಅಂದೆ. ಸೀಟಿ ಬಾಯಲ್ಲೇ ಇಟ್ಟುಕೊಂಡು ಮಲಗಿದ್ದಾಳೆ.

ಆ ಪುಸ್ತಕ ನನ್ನ ಮುಂದಿದೆ. ಕಾಪಿಯಲ್ಲೂ ಆ ಸಾಲಿಲ್ಲ. ಕಾರ್ಬನ್ ಹಾಳೆ ಹಾಕಿ ಈಗ ಸೇರಿಸಿದರೂ ಯಾರಿಗೂ ಗೊತ್ತಾಗದು. ಅದೇ ಪೆನ್ನು. ಅದೇ ದುಂಡಕ್ಷರ. ಬರೆದುಕೊಟ್ಟರೆ ಇವರು ನಾಳೆ ಗೆಲ್ಲುತ್ತಾರೆ, ಕೊಂದವರು ಕಮಿಟಿಯವರಾಗುತ್ತಾರೆ.

ಸ್ಲೇಟಿಗೆ ಬಳಪ ಕುಟ್ಟುತ್ತಿದ್ದಾರೆ. ಕರೆಯುತ್ತಿರುವುದು ನನ್ನನ್ನೇ.

ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋಗಬೇಕು. ಮೊದಲ ಮಾತು ಇಲ್ಲಿ ಬರೆದುಕೊಳ್ಳುತ್ತೇನೆ, ಅಲ್ಲಿ ನಾಲಗೆ ಏಳದೆ ಹೋದರೆ ಇದನ್ನೇ ತೋರಿಸಲು: ರೀ, ಆ ಸಾಲನ್ನ ಯಾರೂ ತೆಗೀಲಿಲ್ಲ, ಆವತ್ತು ನಾನೇ