ಹಸಿರು ದಾರದ ಕೋಳಿ

೨೦ ಸೆಪ್ಟೆಂಬರ್ ೧೯೪೮, ಕಮಲಾಪುರ

ಪುಂಡಿಸೊಪ್ಪು ಬಿಡಿಸುತ್ತಿದ್ದೆ. ಪಕ್ಕದ ಮನೆಯ ಇಮಾಮಬಿ ಆಪಾ ಬಂದಳು, ಕಂಕುಳಲ್ಲಿ ಕೋಳಿ. ನಿಜಾಮನ ರಾಜ್ಯಕ್ಕೆ ಹಿಂದುಸ್ತಾನದ ಮಿಲಿಟರಿ ಬಂದ ಮೇಲೆ ಮುಸಲ್ಮಾನರು ಹೆದರಿ ಊರು ಬಿಟ್ಟು, ನಮ್ಮ ಓಣಿ ಅರ್ಧ ಖಾಲಿ. ಅವಳೂ ಗಂಡ ನಬಿಸಾಬರೂ ಗುಲ್ಬರ್ಗದ ಮೋಮಿನಪುರಕ್ಕೆ ಹೊರಟಿದ್ದಾರೆ, ಅವಳ ತಮ್ಮನ ಮನೆಗೆ. ಮಗ ಮಕ್ಸೂದ್ ಬಾಡಿಗೆ ಬಂಡಿ ಹೊಡೆದುಕೊಂಡು ಹೋದವನು, ಹದಿನೈದು ದಿನದಿಂದ ಪತ್ತೆಯಿಲ್ಲ.

ಕೋಳಿಯ ಕಾಲಿಗೆ ಹಸಿರು ದಾರ. ಕಂದೂರಿಗೆ ಬಿಟ್ಟದ್ದು, ದರ್ಗಾದ ಹರಕೆಯ ಊಟಕ್ಕೆ.

"ಮಕ್ಸೂದ್ ಬಂದ್ರ ಇದನ್ನ ಕೊಯ್ದು ಹತ್ತು ಮಂದಿಗಿ ಉಣ್ಣಸ್ತೇನಿ ಅಂತ ಬೇಡ್ಕೊಂಡೀನಿ. ಅಲ್ಲಿತನಕ ನಿನ್ನ ಕಡಿ ಇರ್ಲಿ ಮಾನಮ್ಮ."

ಇರಲಿ ಅಂದೆ. ನಮ್ಮ ಯಜಮಾನರು ಕಾಂಗ್ರೆಸ್ ಕ್ಯಾಂಪಿಗೆಂದು ಸೊಲ್ಲಾಪುರಕ್ಕೆ ಹೋಗಿ ಆರು ತಿಂಗಳು. ನಿಜಾಮನ ಕಡೆಯ ರಜಾಕಾರರು ಅವರನ್ನು ಹುಡುಕಿಕೊಂಡು ಬಂದ ದಿನ ಹೊಸ್ತಿಲಿಗೆ ಅಡ್ಡ ನಿಂತವಳು ಆಪಾ. ನನ್ನ ತಂಗಿಯ ಮನೆ ಅಂದಿದ್ದಳು. ಒಂದು ಕೋಳಿ ನೋಡಿಕೊಳ್ಳುವುದೇನು ಮಹಾ.

೯ ಅಕ್ಟೋಬರ್

ಇವರು ಬಂದರು. ಜೊತೆಗೆ ಕ್ಯಾಂಪಿನ ಮೂವರು. ಹಾರ, ಜೈಕಾರ, ಬಾಗಿಲ ತುಂಬ ಮಂದಿ. ಮನೆಯಲ್ಲಿ ಬೇಳೆ, ಸೊಪ್ಪು ಬಿಟ್ಟರೆ ಏನಿಲ್ಲ. ಖಟೀಕರ ಮಾಂಸದ ಅಂಗಡಿ ಮುಚ್ಚಿ ತಿಂಗಳಾಗುತ್ತ ಬಂತು. ಕೋಳಿ ಅಂಗಳದಲ್ಲಿ ಕೆದರುತ್ತಿತ್ತು...

ಆಪಾ ಕಲಿಸಿದ ಸಾರನ್ನೇ ಮಾಡಿದೆ. ಉಳ್ಳಾಗಡ್ಡಿ ಕೆಂಪಗೆ ಹುರಿದು, ಮಸಾಲೆ ಅರೆದು, ಸಣ್ಣ ಉರಿಯಲ್ಲಿ. ಕಡಲೆಬೇಳೆ ಬೇರೆ ಬೇಯಿಸಿಕೊಂಡು, ಪುಂಡಿಸೊಪ್ಪು ಕಡೆಗೆ ಹಾಕಬೇಕು — ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ಗೊತ್ತಿತ್ತು. ಗಡಿಬಿಡಿಯಲ್ಲಿ ಎಲ್ಲ ಒಟ್ಟಿಗೇ ಸುರಿದೆ. ಬೇಳೆ ಕಲ್ಲಾಗಿಯೇ ಉಳಿಯಿತು. ಆದರೂ ಬೆರಳು ಚೀಪಿದರು. ನಾನು ತಲೆನೋವೆಂದು ಉಣ್ಣಲಿಲ್ಲ.

೧೦ ಅಕ್ಟೋಬರ್

ದಾರ ಒಲೆಗೆ ಹಾಕಿದ್ದೆ. ಬಂದವರ ಮುಂದೆ ಮರ್ಯಾದೆ ಹೋಗಬಾರದಲ್ಲ, ಅದಕ್ಕೇ ಕೊಯ್ದೆ — ಸುಳ್ಳು. ಇದನ್ನು ಓದುವವರು ಯಾರು, ನಿಜವನ್ನೇ ಬರೆಯುತ್ತೇನೆ. ಕತ್ತು ಹಿಡಿದಾಗ ಅಂದುಕೊಂಡೆ, ಅವರೇನು ತಿರುಗಿ ಬರುತ್ತಾರೆಯೇ ಅಂತ. ಮಕ್ಸೂದ್ ಸತ್ತೇ ಹೋಗಿರುತ್ತಾನೆ ಅಂತಲೂ. ಥೂ, ನನ್ನ ಜನ್ಮಕ್ಕಿಷ್ಟು. ಉಂಡ ಮನೆಗೆ ಎರಡು ಬಗೆದೆ.

೩ ನವೆಂಬರ್, ಗುಲ್ಬರ್ಗ

ಶಹಾಬಜಾರದಲ್ಲಿ ನಾದಿನಿಯ ಮನೆ. ಆಪಾನನ್ನು ಕಂಡು ಹೇಳಿಬಿಡೋಣವೆಂದು ಮೋಮಿನಪುರಕ್ಕೆ ಹೊರಟೆ. ಮಸೀದಿ ಕಂಡದ್ದೇ ಕಾಲು ಹಿಂದೆ ತಿರುಗಿತು. ನಾದಿನಿಗೆ, ಅವರ ಬಾಗಿಲಿಗೆ ಬೀಗ ಇತ್ತು ಅಂದೆ.

೨೩ ನವೆಂಬರ್, ಕಮಲಾಪುರ

ಮಕ್ಸೂದ್ ಬಂದಿದ್ದಾನೆ. ಬೀದರದ ಕಡೆ ಯಾರದೋ ಹೊಲದ ಗುಡಿಸಲಲ್ಲಿ ಅಡಗಿದ್ದನಂತೆ. ಎಲ್ಲರೂ ಊರಿಗೆ ಮರಳಿದ್ದಾರೆ. ಆಪಾ ನಗುತ್ತ ಬಂದು ಕೋಳಿ ಕೇಳಿದಳು.

ಕಾಡುಬೆಕ್ಕು ಒಯ್ದಿತು ಅಂದೆ.

ಬೆನ್ನು ಸವರಿ ಸಮಾಧಾನ ಮಾಡಿದಳು. ನನಗೆ! ಬೇರೆ ಕೋಳಿ ನೋಡುತ್ತಾಳಂತೆ. ಗುರುವಾರ ಕಂದೂರಿ. ಸೊಪ್ಪು ಬಿಡಿಸಲು ನಾನೇ ಬರಬೇಕಂತೆ.

೨೫ ನವೆಂಬರ್, ಗುರುವಾರ, ಮಧ್ಯಾಹ್ನ

ಆಪಾನ ಅಂಗಳದಲ್ಲೇ ಊಟ. ಪುಂಡಿಸೊಪ್ಪನ್ನು ಕಡೆಗೇ ಹಾಕಿದಳು. ಮೊದಲ ಬಟ್ಟಲು ಇವರಿಗೆ. ಇವರಿಗೆ ದಾರದ ಸಂಗತಿ ಗೊತ್ತಿಲ್ಲ, ನಾನು ಹೇಳಿದ್ದರೆ ತಾನೆ. ಒಂದು ತುತ್ತು ಉಂಡು, ಮೆಚ್ಚಿ ಅಂದರು:

"ನಾ ಸೊಲ್ಲಾಪುರದಿಂದ ಬಂದ ದಿನ ನಮ್ಮಾಕಿನೂ ಅಂಗಳದಾಗಿನ ಕೋಳಿ ಕೊಯ್ದು ಇದನ್ನೇ ಮಾಡಿದ್ಲು ನೋಡ್ರಿ ಆಪಾ."

ಸೌಟು ನಿಂತಿತು. ನಬಿಸಾಬರು ತಲೆ ತಗ್ಗಿಸಿದರು. ಆಪಾ ನನ್ನನ್ನು ನೋಡಿದಳು, ಆಮೇಲೆ ಮತ್ತೆ ಬಡಿಸತೊಡಗಿದಳು. ಮಕ್ಸೂದನಿಗೆ ಬಡಿಸಿದಳು. ನನ್ನ ಬಟ್ಟಲನ್ನೂ ತುಂಬಿದಳು, ಕಡಿಮೆ ಮಾಡಲಿಲ್ಲ. ನನಗಷ್ಟೇ ಕೇಳುವ ಹಾಗೆ ಕೇಳಿದಳು:

"ಬ್ಯಾಳಿ ಬೆಂದಿತ್ತೇನವ್ವ?"

ಉಣ್ಣಲಾಗಲಿಲ್ಲ, ಬಟ್ಟಲು ಮನೆಗೆ ತಂದೆ. ಮುಂದೆಯೇ ಇದೆ, ಆರಿದೆ. ಅವಳ ಬಟ್ಟಲು, ತಿರುಗಿ ಕೊಡಬೇಕು. ಈಗಲೇ ಹೋಗುತ್ತೇನೆ. ಹೋಗಿ ಮೊದಲ ಮಾತೇ — ಆಪಾ, ಬೆಂದಿರಲಿಲ್ಲ, ನಾನು...