ಎದುರು ಮನೆಯ ಟೋಪಿ

ಶನಿವಾರ, ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಿದರೆ ಯಾರ ಕಿವಿಗೆ ಬೀಳುತ್ತದೋ ಎಂದು ಬರೆಯುತ್ತಿದ್ದೇನೆ. ಮುಂದಿನ ಭಾನುವಾರ ನೀನು ಬಂದಾಗ ಮಗುವನ್ನು ಬೀದಿಯಲ್ಲಿ ನಿನ್ನಪ್ಪನ ಕೈಗೆ ಕೊಡಬೇಡ. ಒಳಗೆ ಬಂದು, ಬಾಗಿಲು ಹಾಕಿದ ಮೇಲೆ ಕೊಡು.

ಬೆನ್ನುಮೂಳೆ ಸವೆದಿದೆ, ಇನ್ನು ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಕಾರ್ಖಾನೆಯವರು ಅಪ್ಪನಿಗೆ ನಿವೃತ್ತಿ ಕೊಟ್ಟರಲ್ಲ, ಆ ಸೆಟ್ಲ್‌ಮೆಂಟ್ ಹಣ ಇನ್ನೂ ಬಂದಿಲ್ಲ. ಕೇಳಲು ಹೋದಾಗ ಆಫೀಸಿನವನು, ಭಾರ ಎತ್ತೋಕೆ ನಿಜವಾಗ್ಲೂ ಆಗಲ್ವಾ ಅಂತ ನಮ್ಮ ಕಡೆಯವರು ಒಂದ್ಸಲ ನೋಡ್ಕೊಂಡು ಬರ್ತಾರೆ, ಆಮೇಲೆ ಕೊಡ್ತೀವಿ ಅಂದನಂತೆ. ಯಾರು, ಯಾವಾಗ ಎಂದು ಬಾಯಿ ಬಿಡಲಿಲ್ಲ. ಅದಾದ ವಾರಕ್ಕೇ ಎದುರು ಮನೆಯ ಮಹಡಿಗೆ ಒಬ್ಬ ಬಾಡಿಗೆಗೆ ಬಂದ. ಮನೆಯೊಳಗೂ ಟೋಪಿ ತೆಗೆಯುವುದಿಲ್ಲ, ನಾವು ಕರೆಯುವುದೂ ಟೋಪಿ ಅಂತಲೇ. ಕೆಲಸಕ್ಕೆ ಹೋಗುವುದಿಲ್ಲ. ದಿನವಿಡೀ ಕಿಟಕಿಯಲ್ಲಿ ಕೂತು ನಮ್ಮ ಬಾಗಿಲನ್ನೇ ನೋಡುತ್ತಾನೆ. ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವನನ್ನೇ ನೋಡುತ್ತಾರೆ. ಆ ಟೋಪಿ ಎಂಥ ಗಂಡಸೋ! ಬಡಕಲು ಹೆಂಡತಿ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರೆ, ಇವನು ಹಿಂದೆ ಕೈಬೀಸಿಕೊಂಡು ಬರುತ್ತಾನೆ. ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಗ್ಯಾಸ್ ಸಿಲಿಂಡರನ್ನು ಈಗ ನಾನೇ ಉರುಳಿಸಿಕೊಂಡು ಬರುತ್ತೇನೆ. ಅಪ್ಪನಿಗೆ ಅದನ್ನು ನೋಡಲಾಗುವುದಿಲ್ಲ. ಮೊನ್ನೆ ನಾನು ತಡೆಯುವಷ್ಟರಲ್ಲಿ ತುಂಬಿದ ಬಕೆಟ್ ಎತ್ತಿಬಿಟ್ಟರು, ಅದೂ ಬಾಗಿಲಲ್ಲೇ! ರಾತ್ರಿಯೆಲ್ಲ ನರಳಿದರು. ಎತ್ತಿದ್ದು ಆ ಕಿಟಕಿಗೆ ಕಾಣುತ್ತದೆ, ನರಳಿದ್ದು ಕಾಣುತ್ತದೆಯೇ? ನನಗೆ ಭಯವಾಗಿದೆ, ಮಗಳೇ. ಆ ಹಣ ಕೈತಪ್ಪಿದರೆ ನಮಗೆ ಬೇರೆ ಗತಿಯಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಟೋಪಿಯ ಹೆಂಡತಿ ಬಂದಳು. ಅವಳ ಗಂಡನಿಗೂ ಎದೆನೋವೆಂದು ಅವರ ಮಿಲ್ಲಿನವರು ನಿವೃತ್ತಿ ಕೊಟ್ಟಿದ್ದಾರಂತೆ, ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವಂತೆ. ನಿಮ್ಮ ಯಜಮಾನ್ರು ದಿನಾ ನಮ್ಮನ್ನೇ ನೋಡ್ತಿರ್ತಾರೆ, ಮಿಲ್ಲಿಗೆ ಏನೂ ತಿಳಿಸ್ಬೇಡಿ ಅಂತ ಹೇಳಿ ಅಕ್ಕಾ, ಎಂದು ನನ್ನ ಕೈ ಹಿಡಿದು ಅತ್ತಳು. ನಮ್ಮದೂ ಅದೇ ಪಾಡು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ನಂಬುವುದು ಹೇಗೆ? ತಿಳಿಸಲ್ಲ ಬಿಡಮ್ಮ ಎಂದಷ್ಟೇ ಹೇಳಿ ಕಳಿಸಿದೆ. ಮಗುವನ್ನು ಒಳಗೆ ಬಂದ ಮೇಲೇ ಕೊಡು.