ಬೆಟ್ಟದ ಬಣ್ಣದ ಸೂರು

ಮಾರ್ಚ್ 2, ಬೆಳಿಗ್ಗೆ

ಮತ್ತೆ ಹಾಲು ಉಕ್ಕಿತು. ಪೆನ್ಸಿಲ್ ಹಿಡಿದು ಒಲೆಯ ಮುಂದೆ ನಿಲ್ಲಬೇಡಿ ಎಂದು ಹೆಂಡತಿ ಇದ್ದಷ್ಟು ದಿನವೂ ಹೇಳಿ ಸೋತಳು. ಒಲೆ ಒರೆಸಿ, ಉಳಿದ ಹಾಲಿಗೆ ಚಹಾಪುಡಿ ಹಾಕಿ ಕುಡಿದು ಹೊರಟೆ.

ಬೆಟ್ಟದ ಮಗ್ಗುಲಲ್ಲಿ ಪ್ರವಾಸಿಗರಿಗೆ ಆರು ಕೋಣೆ. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಗೋಡೆಗೆ ಅಲ್ಲೇ ಅಗೆದ ಮಣ್ಣು. ಸೂರಿನ ಮೇಲೆ ಅದೇ ಬೆಟ್ಟದ ಹುಲ್ಲು — ಪಾಯ ತೋಡುವಾಗ ಬೇರು, ಮಣ್ಣಿನ ಸಮೇತ ಚೌಕ ಚೌಕವಾಗಿ ಕತ್ತರಿಸಿ ತೆಗೆದಿಟ್ಟದ್ದು. ಒಂದು ಮರ ಕಡಿದಿಲ್ಲ. ಇಷ್ಟು ವರ್ಷ ಎದ್ದು ಕಾಣುವ ಕಟ್ಟಡ ಕಟ್ಟಿದೆ. ಇದು ಕಾಣಬಾರದ ಕಟ್ಟಡ. ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು: ಎ ಗುಡ್ ಬಿಲ್ಡಿಂಗ್ ಶುಡ್... ಬಿಹೇವ್? ಬಿಲಾಂಗ್? ಎರಡೂ ಸರಿಯೇ.

ಮಾರ್ಚ್ 9

ಕೆಲಸ ಮುಗಿದ ಮೇಲೆ ತೊರೆಯ ಎದುರು ದಂಡೆಯ ರಸ್ತೆಗೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡುವುದು ನನ್ನ ಪದ್ಧತಿ. ಇಂದು ಮಗಳೂ ಬಂದಿದ್ದಳು. ಆಫೀಸಿನಲ್ಲಿ ನಾವಿಬ್ಬರೇ: ಗೆರೆ ನನ್ನದು, ಲೆಕ್ಕ ಅವಳದು.

ಬೇಸಿಗೆ. ಬೆಟ್ಟವೆಲ್ಲ ಒಣಗಿ ಕಂದು. ಅದರ ಮೇಲೆ ಆರು ಕಡೆ ಕಣ್ಣಿಗೆ ಹೊಡೆಯುವ ಹಸಿರು!

"ಅಪ್ಪಾ, ಯಾರೋ ಕರ್ಚೀಫು ಒಣಹಾಕಿದಂಗಿದೆ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಇದು ಕೋಣೆಗಳ ಮಾಲಕಿಯ ಕೆಲಸ. ಎರಡು ಹೊತ್ತೂ ಸೂರಿಗೆ ನೀರು ಬಿಡಿಸುತ್ತಿದ್ದಾರೆ. ಕೆಳಗೆ ತೊರೆ ದಾರದಷ್ಟಾಗಿದೆ. ಆ ದಾರವನ್ನೂ ಪಂಪು ಎಳೆಯುತ್ತಿದೆ.

ಮಾರ್ಚ್ 11

ಮಾಲಕಿಯೊಡನೆ ಮಾತಾಯಿತು.

"ಪರಿಸರ, ಹಸಿರು ಅಂತ ನೀವೇ ತಾನೇ ಸರ್ ಹೇಳಿದ್ದು?"

"ಹಸಿರು ಅಂದಿಲ್ಲಮ್ಮ, ಬೆಟ್ಟದ ಥರ ಅಂದೆ. ಬೆಟ್ಟ ಈಗ ಒಣಗಿದೆ."

"ಬಂದವರು ಹುಲ್ಲು ಸಾಯಿಸಿದಾರೆ ಅಂತಾರೆ."

"ನಿದ್ದೆ ಮಾಡ್ತಿದೆ ಅನ್ನಿ." ಅದಕ್ಕೊಂದು ಇಂಗ್ಲಿಷ್ ಪದವಿದೆ. ಡಾರ್ಮಿಟರಿ ಅಲ್ಲ... ಹತ್ತಿರದ್ದೇ ಏನೋ.

"ನಿದ್ದೆನೋ ಚಿರನಿದ್ದೆನೋ ಯಾರಿಗ್ಗೊತ್ತು? ತಗಡು ಹಾಕಿ ಹಸಿರು ಬಣ್ಣ ಬಳಿದ್ರೆ ಮುಗೀತಪ್ಪ. ಬೇಸಿಗೇಲೂ ಹಸಿರಾಗೇ ಇರುತ್ತೆ."

ಕೊನೆಗೆ ಒಪ್ಪಂದ. ನೀರು ನಿಲ್ಲುತ್ತದೆ. ಹುಲ್ಲು ನಿಜಕ್ಕೂ ಸತ್ತರೆ, ಕಿತ್ತು ತಗಡು. ಆಗಲಿ ಎಂದೆ. ತಗಡು ಬಿದ್ದರೆ ಅದು ನನ್ನ ಕಟ್ಟಡವಲ್ಲ, ಬಸ್ ನಿಲ್ದಾಣ.

ಮಾರ್ಚ್ 19

ಸೂರು ಕಂದಾಗುತ್ತಿದೆ. ನನಗೆ ಸಂತೋಷ, ಮಗಳಿಗೆ ದಿಗಿಲು.

"ಹುಲ್ಲು ಹಾಸಿ ಇನ್ನೂ ಒಂದು ಮಳೆಗಾಲ ಕಂಡಿಲ್ಲ ಅಪ್ಪಾ. ವಾರಕ್ಕೊಂದ್ಸಲನಾದ್ರೂ ನೀರು ಕೊಡೋಣ."

"ಮುದ್ದು ಮಾಡಿದ್ರೆ ಬೇರು ಕೆಳಗಿಳಿಯಲ್ಲಮ್ಮ."

"ನನ್ನನ್ನ ಬೆಳೆಸಿದ ಹಾಗಾ?"

"ನಿನ್ನ ಬೇರು ನಿಮ್ಮಮ್ಮ ನೋಡ್ಕೊಂಡ್ಲು. ನಾನು ಬರೀ ನೆರಳು."

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು...

ಮಾರ್ಚ್ 28, ಮಧ್ಯಾಹ್ನ

ಉದ್ಘಾಟನೆ. ನಾಲ್ಕನೇ ಕೋಣೆಯ ಸೂರಿನ ಅಂಚಿನಲ್ಲಿ ಕೂತಿದ್ದೆ. ಫೋಟೊದವನನ್ನು ಕರೆತರುತ್ತಿದ್ದ ಮಾಲಕಿಯ ಫೋನು.

"ಸರ್, ದಾರಿ ತಪ್ಪಿದೀವಿ ಅನ್ಸುತ್ತೆ. ಎದುರಿಗೆ ಬರೀ ಬೆಟ್ಟ ಇದೆ."

ಎದ್ದು ನಿಂತು ಟವೆಲ್ ಬೀಸಿದೆ.

"ಅಯ್ಯೋ, ಅಲ್ಲೇನ್ ಮಾಡ್ತಿದೀರಾ ಗುಡ್ಡದ ಮೇಲೆ?"

"ಗುಡ್ಡ ಅಲ್ಲಮ್ಮ. ನಿಮ್ಮ ನಾಲ್ಕನೇ ರೂಮು."

ಫೋನಿನಲ್ಲಿ ಜೋರು ನಗು. "ಇಳೀಬೇಡಿ ಸರ್! ನೀವಿಳಿದ್ರೆ ಮತ್ತೆ ಕಳ್ದುಹೋಗುತ್ತೆ."

ಬಿಸಿಲಲ್ಲಿ ಗೂಟದಂತೆ ನಿಂತೆ. ಜನ್ಮದಲ್ಲಿ ಅಷ್ಟು ಸುಖವಾಗಿ ಯಾವತ್ತೂ ನಿಂತಿರಲಿಲ್ಲ. ಹೊರಡುವಾಗ ಮಾಲಕಿ ಒಂದು ಹುಲ್ಲೆಸಳು ಕಿತ್ತರು. ಪಟ್ಟನೆ ಮುರಿಯಿತು. "ಚೆನ್ನಾಗಿದೆ ಸರ್. ಆದ್ರೆ ಮಳೆ ಬರ್ಲಿ, ನೋಡೋಣ."

ಮೇ 6

ಮೂರು ಮಳೆ ಆಯಿತು. ಬೆಟ್ಟ ಚಿಗುರಿದೆ. ಸೂರು ಚಿಗುರಿಲ್ಲ.

ಕಂದು ಬೆಟ್ಟದ ಮೇಲೆ ಹಸಿರು ಕರ್ಚೀಫಿತ್ತು. ಈಗ ಹಸಿರು ಬೆಟ್ಟದ ಮೇಲೆ ಕಂದು ತೇಪೆ. ನಾಳಿದ್ದು ತಗಡಿನವನು ಅಳತೆಗೆ ಬರುತ್ತಾನಂತೆ. ಬರಲಿ ಎಂದೆ. ಸೂರಿನ ಮಣ್ಣು ತೆಳು, ನೆಲಕ್ಕಿಂತ ಬೇಗ ಕಾಯುತ್ತದೆ, ತಡವಾಗಿ ಏಳುತ್ತದೆ ಅಷ್ಟೆ — ಹೀಗೆಂದು ಮಾಲಕಿಗೆ ಹೇಳಿದವಳು ಮಗಳು! ಫೋನಿಟ್ಟ ಮೇಲೆ ನನ್ನತ್ತ ತಿರುಗಿ, "ಹೌದಲ್ವಾ ಅಪ್ಪಾ?" ಎಂದಳು. ಹೌದು ಎಂದೆ. ಹೌದೇ.

ಮೇ 8, ಬೆಳಿಗ್ಗೆ

ಸೂರಿನ ಮೇಲೆಯೇ ಕೂತು ಬರೆಯುತ್ತಿದ್ದೇನೆ. ನಿಂತು ನೋಡಿದರೆ ಏನೂ ಇಲ್ಲ. ಬಗ್ಗಿದರೂ ಇಲ್ಲ. ಮಂಡಿಯೂರಿ, ಕೆನ್ನೆಯನ್ನು ಮಣ್ಣಿಗೆ ಹಚ್ಚಿದೆ. ಒಣಕಡ್ಡಿಗಳ ಬುಡದಲ್ಲಿ ಸೂಜಿಮೊನೆಯಷ್ಟು ಹಸಿರು. ಒಂದು ಕಂಡ ಮೇಲೆ ಹತ್ತು ಕಂಡವು, ಆಮೇಲೆ ಎಲ್ಲಿ ನೋಡಿದರೂ ಅದೇ. ಮಗಳನ್ನು ಕೂಗಿದೆ. ಅವಳೂ ಬಂದು ಪಕ್ಕದಲ್ಲೇ ಬೋರಲು ಮಲಗಿಬಿಟ್ಟಳು, ಆಫೀಸಿನ ಬಟ್ಟೆಯಲ್ಲಿ. ಮೂಗು ಎಳೆದುಕೊಳ್ಳುತ್ತಿದ್ದಾಳೆ.

ಕೆಳಗೆ ತಗಡಿನವನು ಏಣಿ ಒರಗಿಸುತ್ತಿದ್ದಾನೆ. ಕಾಲಲ್ಲಿ ದಪ್ಪ ಬೂಟು. ತಡೆಯಬೇಕು, ಹತ್ತುವುದಾದರೆ ಬರಿಗಾಲಲ್ಲಿ, ಅದೂ ಮೆಲ್ಲಗೆ, ಇಲ್ಲಿ ಈಗಷ್ಟೇ—